ಡಬ್ಬಿಗೆ ಅಂಟಿದ ಚೀಟಿಗಳು

ಆ ಸಂಶೋಧನಾಲಯದ ಹಿಂಭಾಗದ ಶೆಡ್ಡಿನಲ್ಲಿ ನಿಂತಿದ್ದ ಮೂರು ಚಕ್ರದ ವಿದ್ಯುತ್ ಗಾಡಿಗೆ ಕಾಗದಪತ್ರಗಳಲ್ಲಿ ಒಂದು ಗಂಭೀರವಾದ ಹೆಸರಿತ್ತು. ನೋಡಿದವರೆಲ್ಲ ಮಾತ್ರ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ನಾಲ್ಕು ಜನ ಕೂರಬಹುದಾದ ಡಬ್ಬಿ. ಆ ನಾಲ್ವರಲ್ಲಿ ಹಿಂದೆ ಕೂರುವ ಇಬ್ಬರಿಗೆ ಒಬ್ಬರ ಮೇಲೊಬ್ಬರಿಗೆ ಬಹಳ ಪ್ರೀತಿ ಇರಬೇಕಿತ್ತು, ಅಷ್ಟೇ.

ಅದರ ಮೋಟಾರು, ಬ್ಯಾಟರಿ, ತಂತಿಗಳ ಹೊಣೆಯೆಲ್ಲ ಒಬ್ಬ ಹೆಣ್ಣುಮಗಳದು. ಅವಳನ್ನು ಎಲ್ಲರೂ ಮೋಟಾರಮ್ಮ ಎನ್ನುತ್ತಿದ್ದರು. ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೋದಂತೆ ತಿರುಗಿ ಬ್ಯಾಟರಿಗೆ ಮರಳಿ ವಿದ್ಯುತ್ತು ತುಂಬಬೇಕು ಎಂಬುದು ಅವಳ ಆರು ವರ್ಷಗಳ ಸಂಶೋಧನೆ. ಅದು ತುಂಬುತ್ತಲೂ ಇತ್ತು. ಆದರೆ ತುಂಬುವ ಭರದಲ್ಲಿ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಆ ಸಂಗತಿಯನ್ನು ಅವಳು ಒಂದು ತಿಂಗಳಿಂದ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಪರಿಶೀಲನಾ ಸಮಿತಿ ಬಂದು ಡಬ್ಬಿಯನ್ನು ನೋಡಲು ಇನ್ನು ಮೂರು ವಾರವಿದೆ ಎನ್ನುವಾಗ, ಒಂದು ಸೋಮವಾರ ಬೆಳಿಗ್ಗೆ ಗಾಡಿಯ ಮುಂಗಾಜಿಗೆ ಒಂದು ಚೀಟಿ ಅಂಟಿತ್ತು. ಅಚ್ಚುಕಟ್ಟಾಗಿ ಪ್ರಿಂಟ್ ತೆಗೆದದ್ದು.

"ಈ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವರ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಹೀಗಿರುವಲ್ಲಿ, ಇಳಿಯುವ ತನಕ ಬಾಯಿ ತೆರೆಯುವಂತಿಲ್ಲ. ಗಂಡ-ಹೆಂಡಿರಿಗೆ ಇದು ಅನುಕೂಲವೇ. ಉಳಿದವರ ಗತಿ ಏನು?"

ಓದಿದವರು ನಕ್ಕರು. ಸೀಟು ವಿನ್ಯಾಸ ಮಾಡಿದವನೊಬ್ಬ ಮಾತ್ರ ನಗಲಿಲ್ಲ.

ಮಂಗಳವಾರ ಇನ್ನೊಂದು. "ಹಾರ್ನ್ ಒತ್ತಿದರೆ ವೈಪರ್ ಏಳುತ್ತದೆ. ವೈಪರ್ ಹಾಕಿದರೆ ಹಾರ್ನ್ ಕೂಗುತ್ತದೆ. ಹೀಗಿರುವಲ್ಲಿ, ಮಳೆ ಬಂದ ದಿನ ಈ ಗಾಡಿ ಊರಿಗೆಲ್ಲ ಬೈಯುತ್ತಾ ಹೋಗುತ್ತದೆ."

ಮೋಟಾರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ತಂತಿಗಳು ತನ್ನವೇ ಎಂದು ನೆನಪಾಯಿತು.

ಬುಧವಾರದ ಚೀಟಿ ಓದುವಾಗ ಅವಳ ಮುಖ ಸಣ್ಣಗಾಯಿತು. "ಬ್ರೇಕ್ ಒತ್ತಿದರೆ ಒಳಗಿದ್ದವರೆಲ್ಲ ಒಟ್ಟಿಗೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತಾರೆ. ವಿನಯ ಒಳ್ಳೆಯದೇ. ಹೀಗಿರುವಲ್ಲಿ, ಎದುರಿನ ಗಾಜಿಗೊಂದು ದಿಂಬು ಕಟ್ಟುವುದು ಲೇಸು."

ಆ ಹೊತ್ತಿಗೆ ನಿರ್ದೇಶಕರು ಶೆಡ್ಡಿಗೆ ಬಂದರು. ಅವರದು ದೊಡ್ಡ ದನಿ, ಅದಕ್ಕಿಂತ ದೊಡ್ಡ ಸಿಟ್ಟು. "ಯಾರ್ರೀ ಇದು? ಎದುರಿಗೆ ಬಂದು ಹೇಳೋ ಧೈರ್ಯ ಇಲ್ಲದೋರು! ಸಮಿತಿಯೋರ ಕಣ್ಣಿಗೆ ಬಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಗುಡುಗಿದರು. ಪ್ರಿಂಟರು ಇರುವುದು ಎಲ್ಲರೂ ಓಡಾಡುವ ಹಾದಿಯಲ್ಲಿ. ಸಂಶೋಧನಾಲಯದ ನಲವತ್ತೆರಡು ಜನರೂ ಅದನ್ನೇ ಬಳಸುವವರು. ಯಾರೆಂದು ಹೇಳುವುದು?

ಆಗ ಅವರಿಗೆ ಏನೋ ಹೊಳೆಯಿತು. "ಮೋಟಾರಮ್ಮಾ, ನಿಮ್ಮ ಯಜಮಾನ್ರು ಯಾವ ಬರಹ ಯಾರದ್ದು ಅಂತ ಪತ್ತೆ ಮಾಡೋರಂತೆ?"

"ಹೌದು ಸಾರ್," ಎಂದಳು ಅವಳು, ಒಲ್ಲದ ಮನಸ್ಸಿನಿಂದ.

ಅವಳ ಗಂಡನನ್ನು ವಿಶ್ವವಿದ್ಯಾಲಯದಲ್ಲಿ ಎಣಿಕೆ ಮೇಷ್ಟ್ರು ಎನ್ನುತ್ತಿದ್ದರು. ಒಂದು ಹಳೆಯ ಓಲೆಗ್ರಂಥವನ್ನು ಬರೆದವರು ಒಬ್ಬರೋ ಇಬ್ಬರೋ ಎಂದು ಒಂಬತ್ತು ವರ್ಷಗಳಿಂದ ಎಣಿಸುತ್ತಿದ್ದ ಮನುಷ್ಯ. ಸದ್ಯಕ್ಕೆ ಒಂದೂವರೆ ಎಂಬಲ್ಲಿಗೆ ಬಂದು ನಿಂತಿದ್ದ. ನಿರ್ದೇಶಕರು ಕರೆದಿದ್ದಾರೆ ಎಂದು ಕೇಳಿದ್ದೇ ತಡ, ಹೊಸ ಅಂಗಿ ಹಾಕಿಕೊಂಡು ಬಂದುಬಿಟ್ಟ.

"ದೊಡ್ಡ ದೊಡ್ಡ ಪದಗಳನ್ನ ಯಾರು ಬೇಕಾದ್ರೂ ಬದಲಾಯಿಸಿಬಿಡಬಹುದು ಸಾರ್," ಎಂದು ವಿವರಿಸಿದ. "'ಆದರೆ', 'ಕೂಡ', 'ಮಾತ್ರ', 'ಅಷ್ಟೇ'... ಇಂಥ ಚಿಳ್ಳೆ ಪಿಳ್ಳೆ ಪದಗಳ ಮೇಲೆ ಯಾರೂ ನಿಗಾ ಇಡಲ್ಲ. ನಾನು ಹಿಡಿಯೋದು ಅಲ್ಲೇ. ಎಲ್ಲರ ಬರಹದ ಮಾದರಿ ಕೊಡಿ, ನಾಲ್ಕು ದಿನ ಕೊಡಿ."

ನಲವತ್ತೆರಡು ಜನರ ರಜಾ ಅರ್ಜಿಗಳು, ಪರೀಕ್ಷಾ ವರದಿಗಳು, ಜೊತೆಗೆ ನಿರ್ದೇಶಕರ ವಾರ್ಷಿಕ ಭಾಷಣಗಳು ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ಅವರ ಮನೆಯ ಊಟದ ಮೇಜಿಗೆ ಬಂದವು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು.

"ಊರೋರ ಹೊಟ್ಟೆನೋವು, ತಲೆನೋವೆಲ್ಲ ಓದಿ ನಿನಗೇನಪ್ಪಾ ಸಿಗುತ್ತೆ?" ಎಂದು ಮೋಟಾರಮ್ಮನ ಅತ್ತೆ ತಮ್ಮ ಮಗನನ್ನು ಕೇಳಿದರು.

"ಅಮ್ಮಾ, ನಾನು ಹೊಟ್ಟೆನೋವು ಓದ್ತಿಲ್ಲ. ನಡುವಿನ ಪದ ಎಣಿಸ್ತಿದೀನಿ."

ನಾಲ್ಕನೆಯ ದಿನ ಸಂಜೆ ಅವನು ಕನ್ನಡಕ ತೆಗೆದು ಹಣೆ ಒತ್ತಿಕೊಂಡ. "ನೋಡೇ, ನಿಮ್ಮಲ್ಲಿ ನಲವತ್ತೆರಡು ಜನ ಇದಾರೆ ಅಂದ್ಯಲ್ಲ?"

"ಹೂಂ."

"ಇಲ್ಲ. ಒಬ್ರೇ ಇರೋದು."

ಮೋಟಾರಮ್ಮ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ನಾಲ್ಕು ಸಲ ಎಣಿಸಿದೆ. ರಜಾ ಅರ್ಜಿ, ವರದಿ, ಭಾಷಣ, ಚೀಟಿ, ಎಲ್ಲ ಒಂದೇ ಕೈ. ಎಲ್ಲ ಕಡೆ ಅದೇ 'ಹೀಗಿರುವಲ್ಲಿ'. ಇಷ್ಟು ಚೊಕ್ಕ ಫಲಿತಾಂಶ ನನ್ನ ಜನ್ಮದಲ್ಲಿ ಬಂದಿಲ್ಲ. ನಿನ್ನ ವರದೀಲೂ ಇದೆ ಕಣೇ." ಅವನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ. "ಚೀಟಿ ನೀನೇ ಬರೆದಿದ್ರೆ ಈಗಲೇ ಹೇಳಿಬಿಡು. ಪೆಟ್ಟಿಗೆ ವಾಪಸ್ ಕಳಿಸಿಬಿಡ್ತೀನಿ."

"ನನ್ನ ಬ್ರೇಕಿಗೆ ನಾನೇ ದಿಂಬು ಕಟ್ಟು ಅಂತೀನಾ?"

ಅತ್ತೆ ಕೈ ಚಾಚಿ ಸೊಸೆಯ ವರದಿಯನ್ನು ಎಳೆದುಕೊಂಡರು. ಎರಡು ಸಾಲು ಓದಿ ಮೇಜಿನ ಮೇಲೆ ಹಾಕಿದರು. "ಇದು ಇವಳು ಬರೆದದ್ದಲ್ಲ. ಇವಳು ಸಾಮಾನಿನ ಪಟ್ಟಿ ಬರೆದ್ರೆ ಅಂಗಡಿಯವನು ಫೋನ್ ಮಾಡಿ 'ಅಮ್ಮಾ, ಇದು ಸಾಬೂನಾ ಸಾಸಿವೆನಾ' ಅಂತ ಕೇಳ್ತಾನೆ. ಇಂಥ ಮುತ್ತು ಪೋಣಿಸಿದಂಥ ಮಾತು ಇವಳೆಲ್ಲಿ ಬರೀತಾಳೆ?"

ಮೋಟಾರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಆ ವರದಿಯನ್ನು ಮೊದಲ ಸಲ ಓದುವವಳಂತೆ ಓದಿದಳು. ತಾನು ಕೊಟ್ಟಿದ್ದು ಒಂದು ಹರಕು ಕಾಗದ: "ನಲವತ್ತು ಆಂಪಿಯರ್, ಸುಟ್ಟ ವಾಸನೆ, ನಿಲ್ಲಿಸಿದೆ." ವರದಿಯಲ್ಲಿ ಇದ್ದದ್ದು: "ಪ್ರವಾಹವು ನಲವತ್ತು ಆಂಪಿಯರ್ ಮುಟ್ಟಿದೊಡನೆ ಸುಟ್ಟ ವಾಸನೆಯು ಕಾಣಿಸಿಕೊಂಡಿತು. ಹೀಗಿರುವಲ್ಲಿ, ಪರೀಕ್ಷೆಯನ್ನು ಮುಂದುವರಿಸುವುದು ಸಾಹಸವಾದೀತೇ ಹೊರತು ವಿಜ್ಞಾನವಾಗದು."

ಅವಳು ನಾಲಿಗೆ ಕಚ್ಚಿಕೊಂಡಳು. ಟೈಪಕ್ಕ!

ಟೈಪಕ್ಕ ಕಚೇರಿಯ ಮೂಲೆಯಲ್ಲಿ, ಕಪಾಟಿನ ಮರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಟೈಪು ಮಾಡುತ್ತಿದ್ದ ಹೆಂಗಸು. ಎಲ್ಲರೂ ಅವರ ಮೇಜಿನ ಮೇಲೆ ಗೀಚಿದ ಕಾಗದ ಎಸೆದು ಹೋಗುವರು, ಸಂಜೆಗೆ ಬಂದು ಚಂದದ ಬರಹ ಎತ್ತಿಕೊಂಡು ಸಹಿ ಹಾಕುವರು. ನಡುವೆ ಏನಾಗುತ್ತದೆಂದು ಯಾರೂ ಯೋಚಿಸಿದವರಲ್ಲ. ಮೋಟಾರಮ್ಮನೂ ಯೋಚಿಸಿರಲಿಲ್ಲ. ತನಗೆ ಬರೆಯಲು ಚೆನ್ನಾಗಿ ಬರುತ್ತದೆ ಎಂದೇ ಅವಳು ಆರು ವರ್ಷ ನಂಬಿದ್ದಳು.

ಗಂಡನಿಗೆ ಅವಳು ಏನೂ ಹೇಳಲಿಲ್ಲ. ಬೆಳಿಗ್ಗೆ ಟೈಪಕ್ಕನನ್ನು ಮೊದಲು ಕಂಡು ಮಾತಾಡಬೇಕು ಎಂದುಕೊಂಡಳು. ಆದರೆ ಎಣಿಕೆ ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ಸ್ಕೂಟರ್ ನಿಲ್ಲಿಸಿ ಬರುವಷ್ಟರಲ್ಲಿ ಅವನು ಪೆಟ್ಟಿಗೆಗಳ ಸಮೇತ ನಿರ್ದೇಶಕರ ಕೋಣೆಯಲ್ಲಿ ಕೂತಿದ್ದ. ಅವಳು ಓಡಿಬಂದು ಬಾಗಿಲಲ್ಲೇ ನಿಂತಳು.

"ಸಾರ್, ಚೀಟಿ ಬರೆದೋರೂ, ಈ ನಲವತ್ತೆರಡು ರಜಾ ಅರ್ಜಿ ಬರೆದೋರೂ, ನಿಮ್ಮ ಭಾಷಣ ಬರೆದೋರೂ ಒಬ್ರೇ. ಅನುಮಾನವೇ ಬೇಡ."

ನಿರ್ದೇಶಕರು ಕಣ್ಣು ಕಿರಿದು ಮಾಡಿದರು. "ನನ್ನ ಭಾಷಣ ಬರೆದೋನು ನಾನು."

"ಹಾಗಾದ್ರೆ ಚೀಟಿ ಬರೆದೋರೂ ನೀವೇ ಸಾರ್."

ನಿರ್ದೇಶಕರ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. ಭಾಷಣ ತನ್ನದಲ್ಲ ಎಂದು ಒಪ್ಪಿದರೆ ಒಂದು ಕಷ್ಟ. ಒಪ್ಪದಿದ್ದರೆ, ತನ್ನ ಗಾಡಿಗೆ ತಾನೇ ಚೀಟಿ ಅಂಟಿಸಿದ ಹುಚ್ಚನಾಗಬೇಕು.

"ಇರಬಹುದು," ಎಂದರು ಕೊನೆಗೆ, ಮೆಲ್ಲಗೆ. "ಕೆಲಸದ ಒತ್ತಡ ಜಾಸ್ತಿ. ಬರೆದು ಮರೆತಿದ್ದರೂ ಮರೆತಿರಬಹುದು."

ಮೋಟಾರಮ್ಮ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಅವಳ ಬೆನ್ನ ಹಿಂದಿನಿಂದ, "ಸ್ವಲ್ಪ ದಾರಿ ಬಿಡಮ್ಮ," ಎಂಬ ಮಾತು ಕೇಳಿಸಿತು. ಸಹಿಗೆ ಕಾಗದಗಳನ್ನು ಹಿಡಿದು ಟೈಪಕ್ಕ ಬಂದಿದ್ದರು. ಒಳಗಿನ ಮಾತೆಲ್ಲ ಅವರ ಕಿವಿಗೂ ಬಿದ್ದಿತ್ತು.

"ಸಾರ್ ಬರೆದಿಲ್ಲ," ಎಂದರು ಟೈಪಕ್ಕ. "ನಾನು ಬರೆದದ್ದು."

"ನೀವಾ? ಗಾಡಿ ವಿಚಾರ ನಿಮಗೇನ್ರೀ ಗೊತ್ತು?"

"ಆರು ವರ್ಷದಿಂದ ಅದರ ಒಂದೊಂದು ವರದೀನೂ ನಾನೇ ಬರೆದಿದೀನಿ ಸಾರ್. ಓಡಿಸಿ ನೋಡುವಾಗ ತೂಕಕ್ಕೆ ಮರಳಿನ ಚೀಲ ಸಾಲದೆ ಇದ್ರೆ, 'ಟೈಪಕ್ಕಾ, ಬಂದು ಕೂತ್ಕೊಳ್ಳಿ' ಅಂತ ಕರೀತಿದ್ರು. ಏಳು ಸಲ ಕೂತಿದೀನಿ. ಇಳಿದ ಮೇಲೆ ಹೇಗಿತ್ತು ಅಂತ ಒಬ್ರೂ ಕೇಳಲಿಲ್ಲ. ಮರಳಿನ ಚೀಲಾನ ಯಾರು ಕೇಳ್ತಾರೆ?"

ಮೋಟಾರಮ್ಮನ ನಗು ಅಲ್ಲೇ ಆರಿಹೋಯಿತು. ಆ ಏಳು ಸಲದಲ್ಲಿ ಐದು ಸಲ ಕರೆದವಳು ಅವಳೇ.

ನಿರ್ದೇಶಕರಿಗೆ ತಾವು ಚೀಟಿ ಬರೆದಿಲ್ಲ ಎಂಬ ಸಮಾಧಾನ ಒಂದು ಕಡೆ, ಭಾಷಣವೂ ಬರೆದಿಲ್ಲ ಎಂಬುದು ಬಯಲಾದ ಸಂಕಟ ಇನ್ನೊಂದು ಕಡೆ. ಸಂಕಟವೇ ಗೆದ್ದಿತು. "ಇದನ್ನ ಹೀಗೇ ಬಿಡೋಕಾಗಲ್ಲ. ನೋಟಿಸ್ ಕೊಡ್ಲೇಬೇಕು," ಎಂದು ಮೇಜು ಗುದ್ದಿದರು. ಗುದ್ದಿ ಕೋಣೆಯ ಸುತ್ತ ಕಣ್ಣಾಡಿಸಿದರು. ನೋಟಿಸು ಬರೆಯಬಲ್ಲವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು. "ಟೈಪಕ್ಕಾ... ಒಂದು ನೋಟಿಸ್ ಬರೀಬೇಕಿತ್ತು."

"ಯಾರಿಗೆ ಸಾರ್?"

"ನಿಮಗೇ."

"ಆಗ್ಲಿ ಸಾರ್," ಎಂದು ಟೈಪಕ್ಕ ಹೋದರು.

ಅರ್ಧ ಗಂಟೆಯಲ್ಲಿ ನೋಟಿಸು ಬಂತು. ನಿರ್ದೇಶಕರು ಓದತೊಡಗಿದರು. ಎರಡನೆಯ ಪ್ಯಾರಾಕ್ಕೆ ಬರುವಾಗ ಅವರ ಹುಬ್ಬು ಮೇಲೇರಿತು. "ಇಷ್ಟೊಂದು ಬೈದಿದೀರಲ್ರೀ? 'ಸಂಸ್ಥೆಯ ಅನ್ನ ಉಂಡು ಸಂಸ್ಥೆಯ ಗಾಜಿಗೆ ಗೋಂದು ಹಚ್ಚಿದ ಈ ನೌಕರಳು' ಅಂತೆಲ್ಲ..."

"ನೀವು ಹೇಳಿದ್ದು ಸ್ವಲ್ಪ ಸಪ್ಪೆ ಇತ್ತು ಸಾರ್. ಗಟ್ಟಿ ಮಾಡಿದೆ."

"ಪಾಪ, ಇಪ್ಪತ್ತಾರು ವರ್ಷದ ಸರ್ವಿಸು..." ಎಂದು ನಿರ್ದೇಶಕರು ಟೈಪಕ್ಕನ ಪರವಾಗಿ ಟೈಪಕ್ಕನ ಹತ್ತಿರವೇ ಮರುಗಿದರು. ಆದರೂ ಸಹಿ ಹಾಕಿ ಕೊಟ್ಟರು. ಟೈಪಕ್ಕ ಅದನ್ನು ತೆಗೆದುಕೊಂಡು, ಫೈಲಿನಿಂದ ಇನ್ನೊಂದು ಕಾಗದ ತೆಗೆದು ಮುಂದಿಟ್ಟರು.

"ಇದೇನು?"

"ನೋಟಿಸಿಗೆ ನನ್ನ ಉತ್ತರ ಸಾರ್."

ಆ ಉತ್ತರ ಒಂದೂವರೆ ಪುಟವಿತ್ತು. ಅದರಲ್ಲಿ ಕ್ಷಮೆ ಇತ್ತು, ಆದರೆ ಯಾವ ತಪ್ಪಿಗೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಗಾಡಿಯ ಹದಿನೇಳು ದೋಷಗಳ ಪಟ್ಟಿ ಇತ್ತು. ಕೊನೆಯ ಸಾಲಿಗೆ ಬರುವಾಗ ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ಎಣಿಕೆ ಮೇಷ್ಟ್ರು ಪಕ್ಕದಿಂದ ಇಣುಕಿ, "ಎಂಟು 'ಹೀಗಿರುವಲ್ಲಿ'," ಎಂದು ಪಿಸುಗುಟ್ಟಿದ. ಮೋಟಾರಮ್ಮ ಅವನ ಕಾಲು ತುಳಿದಳು.

"ಇದಕ್ಕೆ ನಾನೀಗ ಏನು ಜವಾಬು ಕೊಡ್ಲಿ?" ಎಂದರು ನಿರ್ದೇಶಕರು, ಸೋತವರಂತೆ.

ಟೈಪಕ್ಕ ಮೂರನೆಯ ಕಾಗದ ತೆಗೆದರು. ಅದು ನೌಕರಳ ಉತ್ತರವನ್ನು ನಿರ್ದೇಶಕರು ಸಂತೋಷದಿಂದ ಒಪ್ಪಿದ ಪತ್ರ. ಹದಿನೇಳು ದೋಷಗಳನ್ನೂ ಸಮಿತಿ ಬರುವ ಮುನ್ನ ಸರಿಪಡಿಸಬೇಕು, ಸದರಿ ನೌಕರಳನ್ನು ವಿನ್ಯಾಸದ ಸಭೆಗಳಿಗೆ ಕರೆಯಬೇಕು, ಕುರ್ಚಿಯಲ್ಲಿ ಕೂರಿಸಬೇಕು ಎಂದೆಲ್ಲ ಅದರಲ್ಲಿತ್ತು.

"ಇದನ್ನ ಯಾವಾಗ ಬರೆದ್ರಿ?"

"ನೋಟಿಸಿನ ಜೊತೆಗೇ ಸಾರ್. ಪದೇ ಪದೇ ಪ್ರಿಂಟರ್ ಹತ್ರ ಯಾಕೆ ಓಡಾಡೋದು ಅಂತ."

ನಿರ್ದೇಶಕರು ಸಹಿ ಹಾಕಿದರು. ತಾನು ಇಷ್ಟು ಉದಾರಿ ಎಂದು ಅವರಿಗೇ ಗೊತ್ತಿರಲಿಲ್ಲ.

ಮರುದಿನದಿಂದ ಟೈಪಕ್ಕ ಪಟ್ಟಿ ಹಿಡಿದು ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹಾರ್ನಿನ ಅರ್ತ್ ತಂತಿ ಮತ್ತು ವೈಪರಿನ ಅರ್ತ್ ತಂತಿ ಒಂದೇ ಬೋಲ್ಟಿಗೆ ಬಂದು ಸೇರುತ್ತಿದ್ದವು. ಆ ಬೋಲ್ಟಿನ ಕೆಳಗೆ ಯಾರೋ ಅಂದಕ್ಕೆಂದು ಬಣ್ಣ ಬಳಿದಿದ್ದರಿಂದ ಅದು ಗಾಡಿಯ ಲೋಹಕ್ಕೆ ತಾಗುತ್ತಿರಲಿಲ್ಲ. ನೆಲ ಸಿಗದ ಕರೆಂಟು ಒಂದರ ಮನೆಯಿಂದ ಇನ್ನೊಂದರ ಮನೆಗೆ ನುಗ್ಗುತ್ತಿತ್ತು. ಮೋಟಾರಮ್ಮ ಮಂಡಿಯೂರಿ ಬಣ್ಣ ಕೆರೆದು, ಎರಡಕ್ಕೂ ಬೇರೆ ಬೇರೆ ಬೋಲ್ಟು ಕೊಟ್ಟಳು. ಹಿಂದಿನ ಸೀಟು ನಾಲ್ಕು ಬೆರಳು ಹಿಂದೆ ಸರಿಯಿತು.

ಬ್ರೇಕಿಗೆ ಮಾತ್ರ ಒಂಬತ್ತು ದಿನ ಹಿಡಿಯಿತು. ಮೋಟಾರು ಒಮ್ಮೆಲೇ ಹಿಡಿಯದೆ ಹಂತ ಹಂತವಾಗಿ ಬಿಗಿ ಹಿಡಿಯುವಂತೆ ಲೆಕ್ಕ ಬದಲಿಸುವುದು, ಓಡಿಸುವುದು, ಹಿಂದಿನ ಸೀಟಿನಿಂದ ಟೈಪಕ್ಕನ "ಇನ್ನೂ ಅರ್ಧ ನಮಸ್ಕಾರ ಇದೆ," ಎಂಬ ತೀರ್ಪು ಕೇಳುವುದು. ಒಂಬತ್ತನೆಯ ದಿನ ಗಾಡಿ ನಿಂತದ್ದೇ ತಿಳಿಯಲಿಲ್ಲ.

"ಹೇಗಿತ್ತು ಟೈಪಕ್ಕಾ?" ಎಂದು ಮೋಟಾರಮ್ಮ ಹಿಂದಕ್ಕೆ ತಿರುಗಿ ಕೇಳಿದಳು.

ಟೈಪಕ್ಕ, "ಚೆನ್ನಾಗಿತ್ತಮ್ಮ," ಎಂದರು. ಡಬ್ಬಿಯ ಬಗ್ಗೆ ಅಷ್ಟು ಚಿಕ್ಕ ಮಾತು ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಸಮಿತಿಯವರು ಬಂದರು, ಡಬ್ಬಿಯಲ್ಲಿ ಎರಡು ಸುತ್ತು ಹೋದರು, ಇಳಿದು ತಲೆದೂಗಿದರು. ಅವರ ಕೈಗೆ ಕೊಟ್ಟ ವರದಿಯ ಮುಖಪುಟದಲ್ಲಿ "ಬರೆದವರು" ಎಂಬ ಪದದ ಮುಂದೆ ಮೊಟ್ಟಮೊದಲ ಬಾರಿಗೆ ಟೈಪಕ್ಕನ ಸ್ವಂತ ಹೆಸರಿತ್ತು. ಹಿಂದಿನ ದಿನ ಅವರು ಅದನ್ನು ಟೈಪು ಮಾಡುವಾಗ ಹೆಸರಿನ ಒಂದು ಒತ್ತಕ್ಷರ ಜಾರಿಹೋಗಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಅವರು ಮಾಡಿದ ಮೊದಲ ತಪ್ಪು. ಪ್ರತಿಗಳೆಲ್ಲ ಅಚ್ಚಾದ ಮೇಲೆ ಅದನ್ನು ಕಂಡ ಮೋಟಾರಮ್ಮ, ಯಾರಿಗೂ ಹೇಳದೆ, ಮೂವತ್ತು ಪ್ರತಿಗಳನ್ನೂ ಮುಂದಿಟ್ಟುಕೊಂಡು ಕಪ್ಪು ಪೆನ್ನಿನಿಂದ ಒಂದೊಂದಕ್ಕೂ ಆ ಒತ್ತಕ್ಷರ ಸೇರಿಸಿದಳು. ಅವಳ ಅಕ್ಷರ ಎಂದಿನಂತೆ ಕೋಳಿಕಾಲಾಗಿತ್ತು.