ಹದಿನೇಳನೆಯ ಆಕ್ಷೇಪಣೆ

ಹವಾಮಾನ ಬದಲಾವಣೆಯ ವರದಿಯ ಕರಡು ಪ್ರತಿಗೆ ಬಂದ ಪ್ರತಿ ಆಕ್ಷೇಪಣೆಗೂ ಲಿಖಿತ ಉತ್ತರ ಕೊಡಬೇಕೆಂಬುದು ನಿಯಮ. ತಾರಾಳ ತಂಡ ಬರೆದ ಪೂರ್ವ ಆಫ್ರಿಕಾದ ತಾಪಮಾನದ ಅಧ್ಯಾಯಕ್ಕೆ ಬಂದವುಗಳಲ್ಲಿ ನಲವತ್ತೊಂದು ದ್ವಾರಕಾನಾಥರವು. ತಾರಾ ನೈರೋಬಿಗೆ ಹೊಸದಾಗಿ ಬಂದಾಗ ಕಸರಾನಿಯ ಹವಾಮಾನ ಕೇಂದ್ರದಲ್ಲಿ ಅವಳಿಗೆ ಥರ್ಮಾಮೀಟರ್ ಓದಲು ಕಲಿಸಿದವರು ಅವರೇ. ಎರಡು ಸಲ ಓದು, ಆಮೇಲೆ ಬರಿ ಎನ್ನುತ್ತಿದ್ದರು.

ಇವರಿಗೆ ನಾನು ಉತ್ತರಿಸುತ್ತೇನೆ ಎಂದ ಸಹೋದ್ಯೋಗಿ ಫೆಲಿಕ್ಸ್. ತಾರಾ ಬೇಡವೆಂದಳು.

ಭೂಮಿ ಕಾಯುತ್ತಿರುವುದು ಸೂರ್ಯನಿಂದ, ಮನುಷ್ಯರಿಂದಲ್ಲ ಎಂದು ಅವರು ಬರೆದಿದ್ದರು. ಸೂರ್ಯನಿಂದಾದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ. ಒಪ್ಪಿಲ್ಲ, ಎಂದು ಬರೆದಳು. ಹೀಗೆ ನಲವತ್ತು ಸಲ, ಕಾರಣಸಹಿತ. ಹದಿನೇಳನೆಯದರಲ್ಲಿ ಮಾತ್ರ ಕೈ ನಿಂತಿತು. ‘೧೯೯೪ರಲ್ಲಿ ಥರ್ಮಾಮೀಟರಿನ ಪೆಟ್ಟಿಗೆಯನ್ನು ಕಾಂಕ್ರೀಟ್ ಅಂಗಳದಿಂದ ಹುಲ್ಲಿನ ಬಯಲಿಗೆ ನಾನೇ ಹೊತ್ತು ತಂದಿಟ್ಟೆ. ನಿಮ್ಮ ಲೆಕ್ಕದಲ್ಲಿ ಅದಿಲ್ಲ.’

ಹಳೆಯ ರಿಜಿಸ್ಟರ್ ತೆಗೆದು ನೋಡಿದಳು. ನಿಜವಾಗಿತ್ತು.

ಉತ್ತರಗಳು ಪ್ರಕಟವಾಗುವ ಮುನ್ನಾದಿನ ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಕಿಲಿಮಾನಿ ಬಡಾವಣೆಯ ದ್ವಾರಕಾನಾಥರ ಮನೆಗೆ ಹೋದಳು. ಆ ಮನೆಯ ಬಾಗಿಲು ತನಗೆ ತೆರೆಯುವುದು ಇದೇ ಕೊನೆಯ ಸಲವೇನೋ ಎಂಬ ಅಂಜಿಕೆಯಿತ್ತು.

“ಬಾರಮ್ಮ,” ಎಂದರು ಅವರ ಹೆಂಡತಿ ಲೀಲಾ. “ನಿಮ್ಮ ಸಾರ್ ಮೂರು ದಿನದಿಂದ ಕಂಪ್ಯೂಟರ್ ಮುಂದೇನೇ. ಸ್ನಾನ ಸಹ ಇಲ್ಲ.”

ತಾರಾ ತಂದ ಉತ್ತರಗಳ ಹಾಳೆಗಳನ್ನು ದ್ವಾರಕಾನಾಥ್ ಒಂದೊಂದಾಗಿ ಓದಿದರು.

“ಈ ‘ಒಪ್ಪಿಲ್ಲ’ ಎಲ್ಲಾ ಯಾರು ಬರೆದಿದ್ದು?”

“ನಾನೇ ಸಾರ್.”

“ಸಾವಿರ ಜನ ಸೇರಿ ಒಂದೇ ಮಾತು ಹೇಳಿದ್ರೆ ಅದು ಸೈನ್ಸ್ ಅಲ್ಲ ಕಣಮ್ಮ, ಭಜನೆ.”

“ಭಜನೇಲಿ ಯಾರೂ ನಲವತ್ತೊಂದು ಆಕ್ಷೇಪಣೆಗೆ ಕೂತು ಉತ್ತರ ಬರೆಯಲ್ಲ ಸಾರ್.”

ಅಡುಗೆಮನೆಯಿಂದ ಲೀಲಾ ನಕ್ಕದ್ದು ಕೇಳಿಸಿತು. ದ್ವಾರಕಾನಾಥ್ ನಗಲಿಲ್ಲ. ಹದಿನೇಳರ ಮೇಲೆ ಬೆರಳಿಟ್ಟರು.

“ಇದು ಒಪ್ಕೊಂಡಿದ್ದೀಯ. ಹಾಗಾದ್ರೆ ನಿಮ್ಮ ಗ್ರಾಫ್ ತಪ್ಪು ಅಂತಾಯ್ತು.”

“ತಪ್ಪಿತ್ತು ಸಾರ್. ಸರಿ ಮಾಡಿದ್ವಿ.”

“ಮಾಡಿದ ಮೇಲೆ?”

“ಹುಲ್ಲಿನ ಮೇಲೆ ತಂಪಲ್ವಾ ಸಾರ್. ಪೆಟ್ಟಿಗೆ ಸರಿಸಿದಾಗ ಇಳಿದಿದ್ದನ್ನ ನಾವು ಹವಾಮಾನದ ಲೆಕ್ಕಕ್ಕೆ ಹಾಕ್ಕೊಂಡುಬಿಟ್ಟಿದ್ವಿ. ಅದನ್ನ ತೆಗೆದ್ರೆ ಬಿಸಿ ಇನ್ನೂ ಏರುತ್ತೆ.”

ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಅವರು ಕಿಟಕಿಯ ಕಡೆ ತಿರುಗಿದರು. ಪೆಟ್ಟಿಗೆ ಹೊತ್ತ ಭುಜವನ್ನು ಕೈ ತಾನಾಗಿ ಸವರುತ್ತಿತ್ತು.

“ಎಷ್ಟು?”

“ಏರಿಕೆ ಸೊನ್ನೆ ಪಾಯಿಂಟ್ ಒಂಬತ್ತು ಡಿಗ್ರಿ ಇತ್ತು. ಈಗ ಒಂದು ಪಾಯಿಂಟ್ ಒಂದು.”

ದ್ವಾರಕಾನಾಥ್ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

“ಇನ್ನೊಂದ್ಸಲ ಹೇಳು,” ಎಂದರು.