ಅಜವಾನದ ಎಣ್ಣೆಯೂ ವೀರವ್ವನ ನಾಲಗೆಯೂ

ಸವಣೂರಿನಲ್ಲಿ ನಾನು ಅಜವಾನದ ಎಣ್ಣೆಯ ಸೀಸೆಯ ಬೂಚು ತೆಗೆದರೆ ಹಾನಗಲ್ಲಿನಲ್ಲಿ ಎಮ್ಮೆಗಳು ಸೀನುತ್ತವೆ, ಹಿರೇಕೆರೂರಿನವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಬಂದೇಸಾಬನ ಎಣ್ಣೆ ಎಂದರೆ ಹಾಗೆ. ಸಂತೆಯಲ್ಲಿ ಗಾಜಿನ ಲೋಟದ ತುಂಬ ಕೆರೆಯ ನೀರು ಹಿಡಿದು, ಅದರಲ್ಲಿ ವಿಲವಿಲ ಓಡಾಡುವ ಹುಳಗಳನ್ನು ತೋರಿಸಿ, ಹತ್ತು ಹನಿ ಎಣ್ಣೆ ಬಿಡುತ್ತಿದ್ದೆ. ನಾನು ಎರಡು ಕಥೆ ಹೇಳಿ ಮುಗಿಸುವಷ್ಟರಲ್ಲಿ ಹುಳಗಳು ತಳಕ್ಕಿಳಿದು ಸುಮ್ಮನಾಗುತ್ತಿದ್ದವು.

"ಹೊಟ್ಟ್ಯಾಗಿನ ಹುಳದ ಗತೀನೂ ಇದ. ಯಮನ ಕೋಣಾನೂ ಈ ವಾಸನಿಗೆ ಹಿಂದಕ್ಕ ತಿರಗತೈತಿ" ಎನ್ನುತ್ತಿದ್ದೆ. ಮೂರು ಸಾವಿರ ಜನ ಬಾಯಿ ತೆರೆದು ನಿಲ್ಲುತ್ತಿದ್ದರು. ಸರಿ, ಮೂವತ್ತು ಜನ.

೧೯೩೮ರ ಮಳೆಗಾಲ. ಕೆರೆಗೆ ಕೆಂಪು ನೀರು ಬಂದು ದುಂಡಸಿಯಲ್ಲಿ ವಾಂತಿಭೇದಿ ಎದ್ದಿತ್ತು. ಒಂದು ಮಧ್ಯಾಹ್ನ ಚೀಲ ಹೊತ್ತು ಊರೊಳಗೆ ಬಂದೆ. ಒಂದು ಮನೆಯಿಂದ ನನ್ನದೇ ಎಣ್ಣೆಯ ವಾಸನೆ ಬಂತು. ಹೆಮ್ಮೆಯಿಂದ ಇಣುಕಿದೆ. ಹೆಮ್ಮೆ ಹೊಸ್ತಿಲಲ್ಲೇ ಉಳಿಯಿತು.

ಕೌದಿಯ ಮೇಲೆ ನಾಲ್ಕು ವರ್ಷದ ಸರೋಜವ್ವ ಮಲಗಿದ್ದಳು. ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಣಗಿ ಬಿರಿದಿತ್ತು. ತಾಯಿ ದಾನವ್ವ ಅವಳ ತಣ್ಣನೆಯ ಅಂಗಾಲು ಉಜ್ಜುತ್ತಿದ್ದಳು. ಅಜ್ಜಿ ವೀರವ್ವ ನನ್ನ ಸೀಸೆ ಹಿಡಿದು ಕುಳಿತಿದ್ದಳು. ಕಾಲರಾ ಸೂಜಿ ಹಾಕಲು ಶಿಗ್ಗಾವಿಯ ದವಾಖಾನೆಯಿಂದ ಬಂದಿದ್ದ ಕಾಂಪೌಂಡರ್ ಮಂಜಪ್ಪ ಬಾಗಿಲ ಬಳಿ ನಿಂತಿದ್ದರು.

"ನೀರು, ಯವ್ವಾ" ಎಂದಿತು ಮಗು. ಏನನ್ನಾದರೂ ದೊಡ್ಡದು ಮಾಡಿ ಹೇಳುವವನು ನಾನು. ಆ ದನಿಯನ್ನು ಮಾತ್ರ ಇವತ್ತಿಗೂ ದೊಡ್ಡದು ಮಾಡಲಾರೆ. ಅಷ್ಟು ಸಣ್ಣದಿತ್ತು.

"ನೀರ ಕೊಟ್ರ ಮತ್ತ ಹೋಗತೈತಿ. ಬ್ಯಾಡ" ಎಂದಳು ವೀರವ್ವ.

ಮಂಜಪ್ಪ ಹೇಳಿದರು: "ಹೋದಷ್ಟು ನೀರು ಒಳಗ ಹೋಗಬೇಕ್ರಿ. ಇಲ್ಲಂದ್ರ ನೀರಿಲ್ಲದ ಸಸಿ ಆದಂಗ ಆಗತೈತಿ ಕೂಸು. ಗಂಜಿ ಕೊಡ್ರಿ, ಗಾಡಿ ಹೂಡಸ್ರಿ."

"ನೀವು ಸೂಜಿ ಚುಚ್ಚಾಕ ಬಂದವ್ರು, ಎಣ್ಣಿ ಸುದ್ದಿ ನಿಮಗ್ಯಾಕ? ಹುಳ ಸತ್ತದ್ದು ನನ್ನ ಕಣ್ಣಿಲೆ ಕಂಡೇನಿ. ಅಕಾ ನೋಡ್ರಿ, ಎಣ್ಣಿಯವನ ಬಂದ. ಹೇಳೋ ಬಂದೇಸಾಬ."

"ಎಷ್ಟ ಕೊಟ್ಟೀರಿ, ವೀರವ್ವಾರ?" ಎಂದೆ.

"ಮುಂಜಾನಿಂದ ಮೂರು ಸರ್ತಿ, ಮೂರ ಮೂರು ಹನಿ. ಹುಳ ಗಟ್ಟಿ ಅದಾವು, ಸಾಯವಲ್ವು. ಈಗ ಚಮಚಾ ತುಂಬ ಹಾಕ್ತೇನಿ."

ಮಂಜಪ್ಪ ನನ್ನ ಕಡೆ ನೋಡಿದರು. "ಲೋಟದಾಗ ಹುಳ ಸಾಯೋದು ಖರೆ. ಕಣ್ಣಿಗೆ ಕಾಣದ ಹುಳಾನೂ ಇಂಥಾ ಎಣ್ಣಿಗೆ ಸಾಯ್ತಾವು ಅಂತ ಡಾಕ್ಟರೂ ಓದ್ಯಾರ. ಆದ್ರ ಕೂಸಿನ ಹೊಟ್ಟಿ ಗಾಜಿನ ಲೋಟ ಅಲ್ಲ. ಹುಳ ಸಾಯೋವಷ್ಟು ಎಣ್ಣಿ ಕೂಸು ತಾಳಬೇಕಲ್ಲ."

"ಅವರ ಹೇಳೋದು ಖರೆ ಐತಿ, ವೀರವ್ವಾರ" ಎಂದೆ. "ನನ್ನ ಎಣ್ಣಿ ವಾಂತಿಭೇದಿಗೆ ಔಷಧ ಅಲ್ಲ."

"ಸಂತ್ಯಾಗ ಒಂದು ಮಾತು, ಮನ್ಯಾಗ ಒಂದು ಮಾತೇನೋ? ಕಾಂಪೌಂಡರಗ ಅಂಜಿದಿ ನೀ."

ನಾನು ಹೇಳಿದ ಲಕ್ಷ ಸುಳ್ಳನ್ನು ನಾಲ್ಕು ತಾಲೂಕು ನಂಬಿದ್ದವು. ಒಂದು ನಿಜ ಹೇಳಿದರೆ ಒಬ್ಬ ಮುದುಕಿ ನಂಬಲಿಲ್ಲ. ಅವಳು ಚಮಚ ತುಂಬಿಸಿ ಮಗುವಿನ ಗಲ್ಲ ಹಿಡಿದಳು.

"ತಡೀರಿ" ಎಂದೆ. "ಅದರಾಗಿಂದು ಒಂದ ಹನಿ ನಿಮ್ಮ ನಾಲಿಗಿ ಮ್ಯಾಲ ಇಟ್ಕೊಳ್ರಿ. ಆಮ್ಯಾಲ ಕೂಸಿಗೆ ಹಾಕ್ರಿ."

"ಮೆಣಸಿನಕಾಯಿ ಖಾರ ತಿಂದ ನಾಲಿಗಿ ಇದು. ನಿನ್ನ ಎಣ್ಣಿ ಏನ ಮಾಡೀತು?" ಎನ್ನುತ್ತ ವೀರವ್ವ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡಳು.

ಮೊದಲು ಅವಳ ಮುಖ ಕೆಂಪಾಯಿತು. ಆಮೇಲೆ ಕಣ್ಣಲ್ಲಿ ನೀರು ಬಂತು. ಆಮೇಲೆ ಅವಳ ಕೈ ತಾನಾಗಿಯೇ ತಡಕಾಡಿ ತಂಬಿಗೆ ಹಿಡಿಯಿತು. ಗಟಗಟ ಕುಡಿದಳು.

ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಎದುರಾಡದ ದಾನವ್ವ ತಲೆ ಎತ್ತಿದಳು. "ಅತ್ತಿ, ಒಂದ ಹನಿಗೆ ನಿಮಗ ತಂಬಿಗಿ ನೀರು ಬೇಕಾತು. ನನ್ನ ಮಗಳು ಮುಂಜಾನಿಂದ ಕೇಳಾಕತ್ತಾಳ."

ವೀರವ್ವ ಚಮಚ ಕೆಳಗಿಟ್ಟಳು. ಸೊಸೆಯ ಕಡೆ ತಿರುಗಿ, "ಒಲಿ ಹೊತ್ತಸು. ಗಂಜಿ ಇಡು" ಎಂದಳು.

ಕುದಿಸಿದ ನೀರಿನ ತೆಳು ಗಂಜಿ, ಚಿಟಿಕೆ ಉಪ್ಪು. ಅರ್ಧರ್ಧ ಚಮಚ. ಮಗು ಕಕ್ಕಿತು. ಮಂಜಪ್ಪ ಸ್ವಲ್ಪ ತಡೆದು ಮತ್ತೆ ಕೊಡಿಸಿದರು. ಗಾಡಿ ಶಿಗ್ಗಾವಿಯ ದಾರಿ ಹಿಡಿಯಿತು. ಎತ್ತುಗಳಿಗಿಂತ ಮುಂದೆ ನಾನೇ ಓಡಿದೆ ಎಂದು ಆಮೇಲೆ ಎಷ್ಟೋ ಕಡೆ ಹೇಳಿದ್ದೇನೆ. ಓಡಲಿಲ್ಲ. ಗಾಡಿಯಲ್ಲೇ ಕುಳಿತಿದ್ದೆ, ಮಗು ನನ್ನ ತೊಡೆಯ ಮೇಲಿತ್ತು, ದಾನವ್ವ ಗಂಜಿ ಹಾಕುತ್ತಿದ್ದಳು, ವೀರವ್ವ ಮತ್ತು ಮಂಜಪ್ಪ ಎದುರಿಗೆ ಕುಳಿತಿದ್ದರು.

"ಒಂದಕ್ಕ ಮಾಡಿತೇನು?" ಎಂದು ಮಂಜಪ್ಪ ಮತ್ತೆ ಮತ್ತೆ ಕೇಳುತ್ತಿದ್ದರು. "ಮೈಯಾಗ ನೀರು ನಿಂತ್ರ ಒಂದಕ್ಕ ಬರತೈತಿ."

"ಇಲ್ರಿ" ಎನ್ನುತ್ತಿದ್ದಳು ದಾನವ್ವ. ಒಂದು ಹಳ್ಳ ದಾಟಿದೆವು. ಇಲ್ಲ. ಇನ್ನೊಂದು ದಾಟಿದೆವು. ಇಲ್ಲ. ಮಗುವಿನ ಕುತ್ತಿಗೆ ಒಂದು ಕಡೆ ವಾಲಿತ್ತು. ಅಲ್ಲಾನ ಹೆಸರಿಗೆ ನಾನು ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಶಿಗ್ಗಾವಿಯ ಮನೆಗಳು ಕಾಣುವ ಹೊತ್ತಿಗೆ ನನ್ನ ತೊಡೆ ಬೆಚ್ಚಗಾಯಿತು.

"ಮಂಜಪ್ಪಾರ, ನನ್ನ ಲುಂಗಿ ತೊಯ್ತು."

ವೀರವ್ವ ಸುಟ್ಟ ನಾಲಗೆಯಲ್ಲೇ "ಬಸವಣ್ಣಾ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದವಾಖಾನೆಯಲ್ಲಿ ಐದು ದಿನ ಇಟ್ಟುಕೊಂಡರು. ಸರೋಜವ್ವ ಊರಿಗೆ ಬಂದಳು. ಆ ವಾರವೇ ವೀರವ್ವ ತೋಳು ಚಾಚಿ ಸೂಜಿ ಹಾಕಿಸಿಕೊಂಡಳು, ಓಣಿಯ ಹೆಂಗಸರನ್ನೂ ಕೈಹಿಡಿದು ಕರೆತಂದಳು.

ಅಕ್ಕಂದಿರೇ, ಅಣ್ಣಂದಿರೇ, ಗಿಡಮೂಲಿಕೆಯ ಎಣ್ಣೆಯಲ್ಲಿ ಶಕ್ತಿ ಇದೆ. ಶಕ್ತಿ ಇದೆ ಎಂದೇ ಅದನ್ನು ಮಗುವಿನ ಬಾಯಿಗೆ ಸುರಿಯಬೇಡಿ. ವೈದ್ಯರು ಅಳೆದು ಕೊಟ್ಟರೆ ಮಾತ್ರ ಔಷಧ. ಕೆರೆ ನೀರು ಕುದಿಸಿ ಆರಿಸಿ ಕುಡಿಯಿರಿ. ಭೇದಿ ಶುರುವಾದರೆ ಉಪ್ಪು ಹಾಕಿದ ಗಂಜಿ ಕುಡಿಸುತ್ತಲೇ ದವಾಖಾನೆಗೆ ಹೊರಡಿ, ನಾಳೆ ಎನ್ನಬೇಡಿ. ಎಣ್ಣೆ ಮಾರಿ ಹೊಟ್ಟೆ ಹೊರೆಯುವವನೇ ಹೇಳುತ್ತಿದ್ದೇನೆ, ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ: ಮಗು ನೀರು ಕೇಳಿದರೆ ಕೊಡಿ.