ಮುಚ್ಚಿದ ಮೆಟ್ಟಿಲು

ಸಂತರ ಮೂರ್ತಿಗಳನ್ನೆಲ್ಲ ಸುಟ್ಟುಹಾಕಬೇಕೆಂದು ಲಂಡನ್ನಿನಿಂದ ದೊರೆಯ ಅಪ್ಪಣೆ ಬಂದಿತ್ತು. ಅದನ್ನು ಜಾರಿ ಮಾಡುವ ಅಧಿಕಾರಿ ಊರಿಗೆ ಬರುವ ದಿನವೇ ಚರ್ಚಿನ ಮರಿಯಮ್ಮನ ಮೂರ್ತಿ ಕಾಣೆಯಾಯಿತು.

ಆ ಮೂರ್ತಿಗೆ ವರ್ಷವರ್ಷವೂ ಬಟ್ಟೆ ಹೊಲಿದು ಉಡಿಸುತ್ತಿದ್ದವಳು ವಿಧವೆ ಥಾಮಸಿನ್. ಅವಳ ಅನುಮಾನ ಹೋದದ್ದು ಗಾರೆ ಕೆಲಸದ ಹ್ಯಾಮನ್ ಮೇಲೆ. ಬಲಿಪೀಠದ ಮುಂದಿನ ಮರದ ಅಟ್ಟವನ್ನು ಕಿತ್ತುಹಾಕಿದ್ದರಿಂದ, ಅದಕ್ಕೆ ಹತ್ತಲು ಗೋಡೆಯೊಳಗೇ ಕೊರೆದಿದ್ದ ಕಿರುಮೆಟ್ಟಿಲ ಬಾಗಿಲನ್ನು ಅವನು ಕಲ್ಲು ಕಟ್ಟಿ ಮುಚ್ಚುತ್ತಿದ್ದ. ಹಾಗಾಗಿ ಚರ್ಚಿನ ಬೀಗದ ಕೈ ಅವನ ಬಳಿಯೇ ಇತ್ತು. ಸಾಲದ್ದಕ್ಕೆ, ಮೊನ್ನೆಯಷ್ಟೇ ಹೊಸ ಹಸು ಕಟ್ಟಿದ್ದ.

ಚರ್ಚಿನ ಅಂಗಳದ ಸಮಾಧಿಗಳ ನಡುವೆ ಜನ ಸೇರಿದ್ದಾಗಲೇ ಅವಳು ಅವನನ್ನು ಅಡ್ಡಗಟ್ಟಿದಳು. "ತಾಯೀನ ಯಾರಿಗೆ ಮಾರ್ದೆ ಹೇಳೋ, ಕಳ್ಳ!"

"ಬಾಯಿಗೆ ಬಂದಂಗೆ ಮಾತಾಡ್ಬೇಡ ಥಾಮಸಿನಕ್ಕ. ನನ್ನ ಪಾಡಿಗೆ ನಾನು ಗೋಡೆ ಕಟ್ತಿದೀನಿ."

"ಹಸು ಏನು ಮುಗಿಲಿಂದ ಉದುರ್ತಾ?"

"ಮಾವ ಕೊಟ್ಟಿದ್ದು. ಹೋಗಿ ಕೇಳು." ಹಾಗೆಂದವನು ಅವಳ ಮುಖ ನೋಡಲಿಲ್ಲ. ಅದರಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಅವನ ಸಾಮಾನು ಜಾಲಾಡೋಣವೆಂದು ಅವಳು ಸೀದಾ ಚರ್ಚಿನೊಳಗೆ ನುಗ್ಗಿದಳು. ದಪ್ಪ ಕಂಬಗಳ ಸಾಲು ದಾಟಿದರೆ ದೊಡ್ಡ ಕಮಾನು; ಅದರ ಪಕ್ಕದಲ್ಲೇ ಹೊಸ ಗೋಡೆ. ಗಾರೆ ಇನ್ನೂ ಹಸಿ. ಎರಡು ಚಕಮಕಿ ಕಲ್ಲುಗಳ ನಡುವೆ ನೀಲಿಯದೇನೋ ಇಣುಕುತ್ತಿತ್ತು. ಬಗ್ಗಿ ನೋಡಿದಳು. ಬಟ್ಟೆಯ ಅಂಚು, ತಾನೇ ಹಾಕಿದ ಹೊಲಿಗೆ! ಮೂರ್ತಿ ಎಲ್ಲಿಗೂ ಹೋಗಿರಲಿಲ್ಲ; ಹ್ಯಾಮನ್ ಅದನ್ನು ಗೋಡೆಯ ಹಿಂದೆ ಬಚ್ಚಿಟ್ಟಿದ್ದ.

ಬೆರಳಿನಿಂದ ಬಟ್ಟೆಯನ್ನು ಒಳಕ್ಕೆ ತುರುಕಿ, ಮೇಲೆ ಗಾರೆ ಸವರಿ, ಕೈಯನ್ನು ಮುಸುಕಿನೊಳಗೆ ಎಳೆದುಕೊಳ್ಳುವಷ್ಟರಲ್ಲಿ ಅಧಿಕಾರಿ ಒಳಗೆ ಬಂದ. ಹಿಂದೆಯೇ ಊರವರು ಹ್ಯಾಮನ್‌ನನ್ನು ತಳ್ಳಿಕೊಂಡು ಬಂದರು.

ಅಧಿಕಾರಿ ಬೆತ್ತದಿಂದ ಹೊಸ ಗೋಡೆಯನ್ನು ಕುಟ್ಟಿದ. "ಇದರ ಹಿಂದೇನಿದೆ?"

ಹ್ಯಾಮನ್ ಬಿಳಿಚಿಕೊಂಡ.

"ಏನಿರತ್ತೆ ಸ್ವಾಮಿ, ಹಳೇ ಮೆಟ್ಲು," ಥಾಮಸಿನ್ ಮುಂದೆ ಬಂದಳು. "ಅಟ್ಟಾನೇ ಹೋದ್ಮೇಲೆ ಅದ್ಯಾರಿಗೆ ಬೇಕು? ಗೋಡೆ ಬಿಟ್ಟು ಈ ಕಳ್ಳನ್ನ ಕೇಳಿ. ತಾಯೀನ ಬಂದರಿಗೆ ಹೊತ್ಕೊಂಡು ಹೋಗಿ ಪರದೇಶದ ಹಡಗಿನೋರಿಗೆ ಮಾರಿದಾನೆ."

ಹ್ಯಾಮನ್ ಅವಳನ್ನೇ ನೋಡಿದ. ಅವಳ ಮುಸುಕಿನ ಅಂಚಿಗೆ ಹಸಿ ಗಾರೆ ಮೆತ್ತಿತ್ತು. ಅವನ ಕಣ್ಣು ಅಲ್ಲಿ ನಿಂತಿತು. ಮರುಕ್ಷಣವೇ ತಲೆ ತಗ್ಗಿಸಿದ.

"ಹೌದು ಸ್ವಾಮಿ," ಎಂದ. "ಮಾರ್ದೆ. ಹಡಗು ಹೋಯ್ತು."

ಅಧಿಕಾರಿ ಗೋಡೆಯ ತಂಟೆ ಬಿಟ್ಟ. ಹ್ಯಾಮನ್‌ನನ್ನು ಚರ್ಚಿನ ಮುಂದೆಯೇ ಕೂರಿಸಿ ಕಾಲುಗಳನ್ನು ಮರದ ಕೋಳದಲ್ಲಿ ಸಿಕ್ಕಿಸಿದರು. ದೇವರನ್ನು ಮಾರಿಕೊಂಡವನೆಂದು ಊರೇ ಅವನ ಮೇಲೆ ಉಗಿಯಿತು. ಅವನ ಹೆಂಡತಿ ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಅಧಿಕಾರಿ ಮಾತ್ರ ಕುದುರೆ ಹತ್ತದೆ ಥಾಮಸಿನ್‌ಳನ್ನೇ ಗಮನಿಸುತ್ತಿದ್ದ.

"ಯಾಕೆ ಸುಮ್ನೆ ನಿಂತ್ಯಮ್ಮ? ಕಳ್ಳನ್ನ ಹಿಡ್ಕೊಟ್ಟೋಳು ನೀನೇ ಅಲ್ವಾ?" ಎಂದ.

ಥಾಮಸಿನ್ ಬಗ್ಗಿ ಕೆಸರು ತೆಗೆದುಕೊಂಡಳು. ಗುರಿ ತಪ್ಪಿಸಿದರೆ ಅಧಿಕಾರಿಗೆ ಗುಟ್ಟು ತಿಳಿಯುತ್ತದೆ. ಅವಳು ನೇರವಾಗಿ ಎಸೆದಳು; ಅದು ಹ್ಯಾಮನ್‌ನ ಕೆನ್ನೆಗೆ ಬಡಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಆಗ ಅಧಿಕಾರಿ ಕುದುರೆ ಹತ್ತಿದ.